ಮನೆ ಖಾಲಿ ಮಾಡಿಸುವವರು ಕೆಲಸಗಾರರಿಗೆ ಮೊದಲೇ ಹೇಳಬೇಕಾದ ಮಾತು

ಮಾನ್ಯ ಸಂಪಾದಕರೇ,

ನಮ್ಮ ತಂದೆಯವರು ತೀರಿಕೊಂಡು ವರ್ಷ ತುಂಬಿದ ಮೇಲೆ, ಅವರಿದ್ದ ಹಳೆಯ ಮನೆಯನ್ನು ಮಾರುವುದೆಂದು ಮಕ್ಕಳೆಲ್ಲ ಸೇರಿ ತೀರ್ಮಾನಿಸಿ, ಸಾಮಾನು ಖಾಲಿ ಮಾಡಿಸಲು ಪರಿಚಯದ ಗುಜರಿಯವರಿಗೆ ಹೇಳಿ ಕಳುಹಿಸಿದೆವು. ಮೂವರು ಕೆಲಸಗಾರರು ಗೂಡ್ಸ್ ಆಟೊ ತೆಗೆದುಕೊಂಡು ಬಂದರು. ಅಟ್ಟದ ಮೇಲಿನ ಗೋಣಿಚೀಲಗಳನ್ನು ಇಳಿಸಿ, ಹಳೆಯ ಪತ್ರಿಕೆಗಳನ್ನು ಕಟ್ಟು ಕಟ್ಟಿ, ಕಬ್ಬಿಣದ ಬೀರುವನ್ನು ಕಿರಿದಾದ ಮೆಟ್ಟಿಲಿನಲ್ಲಿ ಹೆಗಲು ಕೊಟ್ಟು ಇಳಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಆಮೇಲೆ ತಂದೆಯವರ ಮಂಚದ ಪಕ್ಕದ ಗೂಡಿನಲ್ಲಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ಆ ಮೂವರಲ್ಲಿ ಕಿರಿಯವನು ಬರಿಗೈಯಲ್ಲೇ ಹಿಸುಕಿ ಮೂಟೆಯೊಳಗೆ ಒತ್ತಿದವನು, ತಟ್ಟನೆ ಕೈ ಎಳೆದುಕೊಂಡ. ಹೆಬ್ಬೆರಳಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ರಕ್ತ ಮೂಡಿತ್ತು. ನಮ್ಮ ತಂದೆಯವರು ಬಹಳ ವರ್ಷ ಇನ್ಸುಲಿನ್ ತೆಗೆದುಕೊಂಡವರು. ಬಳಸಿದ ಸೂಜಿಗಳನ್ನು ಅವರು ಆ ಚೀಲದಲ್ಲಿ ಹಾಕಿಡುತ್ತಿದ್ದುದು ನನಗೆ ಗೊತ್ತಿತ್ತು. ಆದರೂ ನಾನು ಅವನಿಗೆ ಹೇಳಿರಲಿಲ್ಲ.

‘ಏನೂ ಆಗಲ್ಲ ಬುಡಿ ಅಮ್ಮ, ದಿನಾ ಇದ್ದದ್ದೇ’ ಎಂದು ಅವನು ಬೆರಳನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಮೂಟೆಗೆ ಕೈ ಹಾಕಲು ಹೊರಟಿದ್ದ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಕೈ ತೊಳೆಸಿ, ಆಟೊ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಧನುರ್ವಾಯುವಿನ ಚುಚ್ಚುಮದ್ದನ್ನಾಗಲಿ ರಕ್ತದಿಂದ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ವಿರುದ್ಧದ ಲಸಿಕೆಯನ್ನಾಗಲಿ ಕೊನೆಯ ಸಲ ಯಾವಾಗ ಹಾಕಿಸಿಕೊಂಡಿದ್ದೆ ಎಂದು ವೈದ್ಯರು ಕೇಳಿದರೆ, ಅವನಿಗೆ ಆ ಪ್ರಶ್ನೆಯೇ ಹೊಸದು. ನಮ್ಮ ತಂದೆಯವರಿಗೆ ಅಂಥ ಸೋಂಕೇನೂ ಇರಲಿಲ್ಲ, ನಿಜ. ಆದರೆ ಇವತ್ತು ಈ ಮನೆ, ನಾಳೆ ಇನ್ನೊಂದು ಮನೆ ಎಂದು ಹೋಗುವವನಿಗೆ ಯಾವ ಚೀಲದಲ್ಲಿ ಯಾರ ಸೂಜಿ ಇದೆಯೆಂದು ತಿಳಿಯುವುದು ಹೇಗೆ? ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೂ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಅದಕ್ಕೆ ಲಸಿಕೆ ಇದೆ. ಮೊದಲನೆಯದು ಹಾಕಿಸಿಕೊಂಡು, ತಿಂಗಳ ನಂತರ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಇಷ್ಟು ಸುಲಭವಾಗಿ ತಡೆಯಬಹುದಾದ ಕಾಯಿಲೆಗೆ, ದಿನವೂ ಊರಿನ ಕಸಕ್ಕೆ ಕೈಯಿಕ್ಕುವ ಜನರನ್ನು ನಾವು ಹಾಗೆಯೇ ಒಡ್ಡಿ ಬಿಟ್ಟಿದ್ದೇವೆ.

ಈ ಪತ್ರದ ಮೂಲಕ ನಾನು ಹೇಳಬೇಕೆಂದಿರುವುದು ಇಷ್ಟೇ: ಮನೆ ಖಾಲಿ ಮಾಡಲು ಬರುವ ಕೆಲಸಗಾರನಿಗೆ ಆ ದಿನದ ಮಟ್ಟಿಗೆ ನಮ್ಮ ಮನೆಯೇ ಕಾರ್ಖಾನೆ, ಮತ್ತು ಅಲ್ಲಿನ ಅಪಾಯಗಳೇನೆಂದು ಬಲ್ಲವರು ನಾವು ಮಾತ್ರ. ಕಾರ್ಖಾನೆಯ ಕಾರ್ಮಿಕನಿಗೆ ಸುರಕ್ಷತಾ ಅಧಿಕಾರಿ ಇದ್ದಾರು, ತಪಾಸಣೆಗೆ ಬರುವವರು ಇದ್ದಾರು. ಕೇಂದ್ರದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುವಂಥದ್ದು. ಒಂದು ಗೂಡ್ಸ್ ಆಟೊ, ಮೂರು ಆಳು, ಸಂಜೆಗೆ ಕೂಲಿ ಎಂಬ ಲೆಕ್ಕದಲ್ಲಿ ನಡೆಯುವ ಈ ಕೆಲಸ ಅದರ ಕಣ್ಣಿಗೆ ಬೀಳುವುದೇ ಕಷ್ಟ.

ಒಳಗೇನಿದೆ ಎಂದು ಹೇಳದೆ ಸಾಮಾನು ಸಾಗಹಾಕಿದರೆ ಏನಾಗಬಹುದೆಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಘೋರ ನಿದರ್ಶನವಿದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ವಿಕಿರಣ ಯಂತ್ರವನ್ನು 2010ರ ಫೆಬ್ರವರಿಯಲ್ಲಿ ಹಳೆಯ ಸಾಮಾನಿನ ಜೊತೆ ಹರಾಜು ಹಾಕಲಾಯಿತು. ಅದು ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಹೋಗಿ, ಅಲ್ಲಿ ಬಿಚ್ಚಿದವರ ಕೈಗೆ ವಿಕಿರಣ ಸೂಸುವ ಕೋಬಾಲ್ಟ್-60 ಸಿಕ್ಕಿತು. ಹೊಳೆಯುವ ಲೋಹವೆಂದು ಮುಟ್ಟಿದವರ ಚರ್ಮ ಸುಟ್ಟಿತು, ಹಲವರು ಆಸ್ಪತ್ರೆ ಸೇರಿದರು, ಏಪ್ರಿಲ್ ಕೊನೆಯಲ್ಲಿ ಒಬ್ಬ ಕೆಲಸಗಾರ ಪ್ರಾಣ ಬಿಟ್ಟ. ನಮ್ಮ ಮನೆಗಳಲ್ಲಿ ಕೋಬಾಲ್ಟ್ ಇರುವುದಿಲ್ಲ. ಆದರೆ ಕೊಡುವವರಿಗೆ ಗೊತ್ತಿರಬೇಕಾದದ್ದು ತೆಗೆದುಕೊಳ್ಳುವವರಿಗೆ ತಿಳಿಯದೆ ಹೋಗುವ ಆ ರೀತಿ ಮಾತ್ರ ನಮ್ಮಲ್ಲೂ ಅದೇ.

ಮನೆಯೊಳಗಿನದನ್ನೇ ನೋಡೋಣ. ಬಾಗಿಲ ಹಿಂದೆ ನಿಲ್ಲಿಸಿಟ್ಟ ಸುಟ್ಟುಹೋದ ಟ್ಯೂಬ್‌ಲೈಟ್ ಒಡೆದರೆ ಗಾಜಿನ ಜೊತೆ ಪಾದರಸವೂ ಹೊರಬರುತ್ತದೆ. ತೋಟದ ಮನೆಗಳ ಕೊಟ್ಟಿಗೆಯ ಮೂಲೆಯಲ್ಲಿ ಚೀಟಿ ಅಳಿಸಿಹೋದ ಕೀಟನಾಶಕದ ಡಬ್ಬಿಗಳಿರುತ್ತವೆ. ಸುಪ್ರೀಂ ಕೋರ್ಟ್ 2011ರಲ್ಲಿ ತಡೆದ ಎಂಡೋಸಲ್ಫಾನ್ ಕೂಡ ಅವುಗಳಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು? ತೆಂಗಿನ ಮಟ್ಟೆ, ಹಳೆಯ ಹೆಂಚು ರಾಶಿ ಹಾಕಿದ ಕಡೆ ಹಾವು, ಚೇಳು ಇರುವುದು ಸಾಮಾನ್ಯ. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ನಮ್ಮ ರಾಜ್ಯ ಸರ್ಕಾರವೇ 2024ರಲ್ಲಿ ಅಧಿಸೂಚನೆ ಹೊರಡಿಸಿದೆ. ಬಹಳ ದಿನ ಬೀಗ ಹಾಕಿದ್ದ ಮನೆಯಾದರೆ, ಇಂಥ ರಾಶಿಯನ್ನು ಮೊದಲು ಕೋಲಿನಿಂದ ಕೆದಕಿ ನೋಡದೆ ಕೈ ಹಾಕಬಾರದು ಎಂದು ಒಂದು ಮಾತು ಹೇಳುವುದಕ್ಕೆ ನಮಗೆ ಖರ್ಚೇನೂ ಇಲ್ಲ.

ಎಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಹಿತ್ತಿಲಿನ ಶೀಟು. ನೀರೊಲೆಯ ಮನೆಗೋ ಸೌದೆ ಕೊಟ್ಟಿಗೆಗೋ ಹಾಕಿದ ಹಳೆಯ ಸಿಮೆಂಟ್ ಶೀಟುಗಳಲ್ಲಿ ಬಹುಪಾಲು ಕಲ್ನಾರಿನವು, ಅಂದರೆ ಆಸ್ಬೆಸ್ಟಾಸ್‌ನವು. ಕೆಲಸ ಬೇಗ ಮುಗಿಯಲೆಂದು ಅವನ್ನು ಸುತ್ತಿಗೆಯಿಂದ ಕುಟ್ಟಿ ಬೀಳಿಸುತ್ತಾರೆ. ಆಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದ ಎಳೆಗಳಿದ್ದು, ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ಅವು ಅಲ್ಲೇ ಉಳಿಯುತ್ತವೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಕಾಯಿಲೆ ಕಾಣಿಸಿಕೊಳ್ಳುವುದು ದಶಕಗಳ ಮೇಲೆ. ಇಪ್ಪತ್ತರ ಹರೆಯದಲ್ಲಿ ಯಾರದೋ ಹಿತ್ತಿಲಲ್ಲಿ ಶೀಟು ಒಡೆದವನು ಐವತ್ತರಲ್ಲಿ ಉಸಿರಿಗೆ ಒದ್ದಾಡುವಾಗ, ಆ ಹಿತ್ತಿಲು ಯಾರ ನೆನಪಿನಲ್ಲೂ ಇರುವುದಿಲ್ಲ. ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಕಾರ್ಮಿಕನ ಆರೋಗ್ಯವು ಬದುಕುವ ಹಕ್ಕಿನ ಭಾಗವೆಂದು ಎತ್ತಿ ಹಿಡಿದಿದೆ. ಶೀಟನ್ನು ನೀರಿನಿಂದ ತೋಯಿಸಿ, ಬೋಲ್ಟು ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಿದರೆ ಧೂಳು ಬಹಳ ಕಡಿಮೆಯಾಗುತ್ತದೆ. ಅದಕ್ಕೆ ಒಂದೆರಡು ಗಂಟೆ ಹೆಚ್ಚು ಹಿಡಿಯಬಹುದು, ಅಷ್ಟೇ.

ಆ ಒಂದೆರಡು ಗಂಟೆಗೆ ಹಣ ಕೊಡಲು ನಾವು ಸಿದ್ಧರಿಲ್ಲದಿರುವುದೇ ಇಲ್ಲಿನ ತೊಡಕು. ಮನೆ ಪೂರ್ತಿ ಖಾಲಿ ಮಾಡಿಕೊಡಿ, ಒಟ್ಟು ಇಷ್ಟು ಎಂದು ಮಾತಾಡಿಕೊಳ್ಳುತ್ತೇವೆ. ಕಬ್ಬಿಣಕ್ಕೆ, ಪೇಪರಿಗೆ ಕಿಲೋ ಲೆಕ್ಕದಲ್ಲಿ ಚೌಕಾಸಿಗೆ ನಿಲ್ಲುವ ನಾವು, ಹೊತ್ತುಕೊಂಡು ಹೋಗುವವನ ಬೆನ್ನಿನ ಮೇಲೆ ಎಷ್ಟು ಭಾರವಿದೆಯೆಂದು ನೋಡುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸಿನ ಪ್ರಕಾರ ವಯಸ್ಕ ಗಂಡಾಳು ಒಬ್ಬನೇ ಹೊರುವ ಭಾರ 55 ಕಿಲೋ ಮೀರಬಾರದು. ಪುಸ್ತಕ ತುಂಬಿದ ಮೂಟೆ ಅದನ್ನು ಎಷ್ಟು ಸುಲಭವಾಗಿ ದಾಟುತ್ತದೆಂಬುದು ಎತ್ತಿದವರಿಗೆ ಗೊತ್ತು.

ಕೈಗವಸು ಕೊಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಕೊಡಲೇಬೇಕು. ಆದರೆ ತೆಳು ರಬ್ಬರಿನ ಕೈಗವಸನ್ನು ಸೂಜಿ ಸಲೀಸಾಗಿ ದಾಟುತ್ತದೆ. ದಪ್ಪ ಚರ್ಮದ್ದಾದರೂ ಪೂರ್ತಿ ತಡೆಯುತ್ತದೆಂಬ ಭರವಸೆಯಿಲ್ಲ. ಮೂಟೆಯನ್ನು ಕೈಯಿಂದ, ಕಾಲಿನಿಂದ ಒತ್ತಿ ತುಂಬದಿರುವುದು, ಗಾಜಿರುವ ಚೀಲವನ್ನು ಬೆನ್ನಿಗೆ ಒರಗಿಸಿಕೊಂಡು ಹೊರದಿರುವುದು, ಎಲ್ಲಕ್ಕೂ ಮೊದಲು ಸೂಜಿಯು ಆ ಮೂಟೆಗೆ ಬಾರದಂತೆ ನೋಡಿಕೊಳ್ಳುವುದು ಮುಖ್ಯ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೂಜಿಗಳನ್ನು ಹಾಕಿ, ಮುಚ್ಚಳ ಬಿಗಿದು, ಮೇಲೆ ಕೆಂಪು ಗುರುತು ಹಾಕಿ ಬೇರೆ ಇಡುವುದಕ್ಕೆ ನನಗೆ ಹತ್ತು ನಿಮಿಷ ಸಾಕಾಗುತ್ತಿತ್ತು.

ಹಾಗೆ ಬೇರೆ ಇಟ್ಟದ್ದನ್ನು ಎಲ್ಲಿಗೆ ಕೊಡಬೇಕು ಎಂಬ ಪ್ರಶ್ನೆಗೆ ಸ್ಥಳೀಯ ಸಂಸ್ಥೆಗಳು ಉತ್ತರಿಸಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಸೂಜಿ, ಸಿರಿಂಜು, ಅವಧಿ ಮುಗಿದ ಔಷಧ, ಟ್ಯೂಬ್‌ಲೈಟ್, ಕೀಟನಾಶಕದ ಡಬ್ಬಿ, ಬ್ಯಾಟರಿಗಳನ್ನು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿ, ಅವನ್ನು ಸ್ವೀಕರಿಸಲು 20 ಚದರ ಕಿಲೋಮೀಟರಿಗೊಂದು ಸಂಗ್ರಹಣಾ ಕೇಂದ್ರ ಇರಬೇಕು, ಅದರ ಸಮಯವನ್ನು ಜನರಿಗೆ ತಿಳಿಸಬೇಕು ಎಂದವು. ಕಸ ನಿರ್ವಹಿಸುವ ಕೆಲಸಗಾರರಿಗೆ ಸಮವಸ್ತ್ರ, ಕೈಗವಸು, ಮಳೆಯಂಗಿ, ತಕ್ಕ ಪಾದರಕ್ಷೆ, ಮುಖಗವಸು ಸಿಗುವಂತೆ ನೋಡಿಕೊಳ್ಳಬೇಕೆಂದೂ ಹೇಳಿದವು. ಪೌರಕಾರ್ಮಿಕರಿಗೆ ಇದು ಎಷ್ಟರ ಮಟ್ಟಿಗೆ ಸಿಕ್ಕಿದೆ ಎಂಬುದು ಬೇರೆ ಪತ್ರದ ವಿಷಯ. ಗುಜರಿಯವರ ಕೈಕೆಳಗೆ ದುಡಿಯುವ ಹುಡುಗರು ಮಾತ್ರ ಆ ಎಣಿಕೆಗೂ ಬರುವುದಿಲ್ಲ. ರಾಜ್ಯದ ಕಾರ್ಮಿಕ ಇಲಾಖೆಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರು, ಚಿಂದಿ ಆಯುವವರು ಸೇರಿದ್ದಾರೆ. ಈ ಹುಡುಗರನ್ನು ಅಲ್ಲಿ ನೋಂದಾಯಿಸಿ, ನೋಂದಣಿಯ ದಿನವೇ ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಲಸಿಕೆ ಆರಂಭಿಸುವ ಏರ್ಪಾಡು ಮಾಡುವುದು ಇಲಾಖೆಗೆ ಅಸಾಧ್ಯವೇನಲ್ಲ.

ದಸರೆ ಸಮೀಪಿಸಿದರೆ ಮನೆಮನೆಯಲ್ಲೂ ಅಟ್ಟದ ಸಾಮಾನು ಕೆಳಗಿಳಿಯುತ್ತದೆ, ಗುಜರಿ ಆಟೊಗಳು ಬೀದಿಗೆ ಬರುತ್ತವೆ. ಅದಕ್ಕೆ ಮೊದಲೇ ಆಯಾ ಊರಿನ ಪಾಲಿಕೆ, ನಗರಸಭೆ, ಪುರಸಭೆಗಳು ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವ ಕೇಂದ್ರದ ವಿಳಾಸ ಮತ್ತು ಸಮಯವನ್ನು ಕಸದ ಆಟೊ ಟಿಪ್ಪರ್‌ಗಳ ಧ್ವನಿವರ್ಧಕದಲ್ಲಿ ಸಾರಿಸಬೇಕೆಂದೂ, ತಮ್ಮ ಪತ್ರಿಕೆಯು ಅದನ್ನು ವಾರ್ಡುವಾರು ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮೈಸೂರು