ಮಗಳಿಗೊಂದು ಪತ್ರ: ಹೆಸರು ಗೊತ್ತಿಲ್ಲದ ಅಣ್ಣ

ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಬರಹ ಓದಿದೆ. ಎರಡು ಸಲ. ಕಾಲೇಜಿನಲ್ಲಿ ಕೊಟ್ಟ ವಿಷಯವೇ ಕೃತಜ್ಞತೆ ಆದ್ದರಿಂದ ಆ ಪದ ಬಿಡೋಕಾಗಲ್ಲ, ಸರಿ. ಆದರೂ ಒಂದೇ ಪುಟದಲ್ಲಿ ಒಂಬತ್ತು ಸಲ ಬಂದಿದೆ, ಎಣಿಸಿದೆ. ಅಜ್ಜಿ ಬಂದಿರುವುದು ಒಂದೇ ಸಲ, ಅದೂ 'ಮನೆಯ ಹಿರಿಯರು' ಅನ್ನೋ ಗುಂಪಿನಲ್ಲಿ. ಬೈಯುತ್ತಿಲ್ಲ ಕಣೇ. ಫೋನಿನಲ್ಲಿ ಹೇಳೋಕೆ ಹೋದರೆ 'ಹ್ಞೂಂ ಅಪ್ಪ, ಹ್ಞೂಂ ಅಪ್ಪ' ಅಂತ ಮುಗಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಯಾರ ಋಣ ಇದೆ ಅಪ್ಪ ಅಂತ ಮೊನ್ನೆ ನೀನು ಕೇಳಿದೆ. ಸಿದ್ಧಗಂಗಾ ಮಠದ ಬುದ್ಧಿಯೋರು, ಶಿವಕುಮಾರ ಸ್ವಾಮೀಜಿ, ಅಂದೆ. ಸುಳ್ಳಲ್ಲ. ಆದರೆ ಮಠದಲ್ಲಿ ಓದಿದ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಇನ್ನೊಬ್ಬ ಇದ್ದಾನೆ. ಅವನ ವಿಷಯ ನಿಮ್ಮಮ್ಮನಿಗೂ ಹೇಳಿಲ್ಲ.

1986ರ ಜೂನು. ನಮ್ಮೂರ ಕಡೆ ಮಳೆ ಕೈಕೊಟ್ಟಿತ್ತು, ಮನೆಯಲ್ಲಿ ಐದು ಜನ ಮಕ್ಕಳು. ನಿಮ್ಮ ತಾತ ನನ್ನನ್ನು ತುಮಕೂರು ಪಕ್ಕದ ಕ್ಯಾತ್ಸಂದ್ರದಲ್ಲಿ ಬಸ್ಸಿಂದ ಇಳಿಸಿ ಮಠದ ತನಕ ನಡೆಸಿಕೊಂಡು ಹೋದರು. ಒಂದು ತಗಡಿನ ಟ್ರಂಕು, ಒಂದು ಚಾಪೆ, ತಟ್ಟೆ, ಲೋಟ, ಅಷ್ಟೇ ನನ್ನ ಆಸ್ತಿ. ಅಲ್ಲಿ ಫೀಸು ಕೇಳಲ್ಲ, ಯಾವ ಜಾತಿ ಅಂತಲೂ ನೋಡಲ್ಲ. ಈಗಲೂ ಸುಮಾರು 10,000 ಮಕ್ಕಳು ಹಾಗೇ ಉಂಡು, ಓದಿಕೊಂಡು ಇದ್ದಾರೆ. ಸಂಜೆ ಪ್ರಾರ್ಥನೆಗೆ ಬಯಲಿನಲ್ಲಿ ಸಾಲಾಗಿ ಕೂತ ಅಷ್ಟು ಹುಡುಗರನ್ನು ನೋಡಿ ನನಗೆ ಮೊದಲ ದಿನ ಅಳುವೇ ಬಂತು. ಇಷ್ಟು ಜನದಲ್ಲಿ ನಾನು ಕಳೆದುಹೋದರೆ ಯಾರಿಗೂ ಗೊತ್ತಾಗಲ್ಲ ಅಂತ.

ಆಗಸ್ಟಿನ ಹೊತ್ತಿಗೆ ಕಜ್ಜಿ ಆಯಿತು. ಎಲ್ಲರೂ ಒತ್ತೊತ್ತಿಗೆ ಮಲಗುವ ಕಡೆ ಒಬ್ಬನಿಗೆ ಬಂದರೆ ಮುಗೀತು. ನನಗೆ ಬೆರಳ ಸಂದಿಯಲ್ಲೆಲ್ಲ ಒಡೆದು ಕೀವು ಕಟ್ಟಿತ್ತು. ಮುದ್ದೆ ಬಿಸಿ ಇರುತ್ತದಲ್ಲ, ಮುರಿಯೋಕೆ ಹೋದರೆ ಪ್ರಾಣ ಹೋದ ಹಾಗೆ. ಸಾರಿನ ಖಾರ ತಾಗಿದರೆ ಇನ್ನೂ ಕಷ್ಟ. ಎರಡು ದಿನ ಸುಮ್ನೆ ಮಜ್ಜಿಗೆ ಕುಡಿದು ಎದ್ದೆ.

ಮೂರನೇ ದಿನ ಎದುರು ಸಾಲಿನಲ್ಲಿದ್ದ ಒಬ್ಬ ದೊಡ್ಡ ಹುಡುಗ ತಟ್ಟೆ ಎತ್ತಿಕೊಂಡು ನನ್ನ ಪಕ್ಕ ಬಂದು ಕೂತ. ಒಂಬತ್ತನೇ ಕ್ಲಾಸು, ರಾಯಚೂರು ಕಡೆಯವನು. ಎಡಹುಬ್ಬಿನ ನಡುವೆ ಒಂದು ಗಾಯದ ಗೆರೆ. 'ಯಾಕಲೇ ತಮ್ಮಾ, ಉಣ್ಣವಲ್ಲಿ?' ಅಂದ. ಕೈ ತೋರಿಸಿದೆ. ಏನೂ ಮಾತಾಡದೆ ನನ್ನ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಇಟ್ಟ. ತಮಾಷೆ ಏನು ಗೊತ್ತಾ, ಅವನಿಗೇ ಮುದ್ದೆ ಉಣ್ಣೋಕೆ ಸರಿಯಾಗಿ ಬರುತ್ತಿರಲಿಲ್ಲ. ರೊಟ್ಟಿ ತಿಂದು ಬೆಳೆದವನು, ನುಂಗುವ ಬದಲು ಅಗಿಯುತ್ತಿದ್ದ. ತುತ್ತುಗಳನ್ನೂ ರೊಟ್ಟಿ ತುಣುಕಿನ ಹಾಗೆ ಚಪ್ಪಟೆ ಮಾಡಿ ಕೊಡುತ್ತಿದ್ದ. ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಆದರೂ ಹೇಳಲಿಲ್ಲ.

ಇಪ್ಪತ್ತು ದಿನ ಹೀಗೇ. ಅವನೇ ಬೇವಿನ ಸೊಪ್ಪಿನ ಬಿಸಿನೀರು ತಂದು ಕೈ ತೊಳೆಸುತ್ತಿದ್ದ, ಗಂಧಕದ ಮುಲಾಮು ಹಚ್ಚುತ್ತಿದ್ದ. ಅದು ಎಂಥ ವಾಸನೆ ಅಂದರೆ ಪಕ್ಕದ ಹುಡುಗರು ಚಾಪೆ ಎಳೆದುಕೊಂಡು ದೂರ ಹೋಗುತ್ತಿದ್ದರು. ಅವನಿಗೂ ಬೆರಳಿಗೆ ಕಜ್ಜಿ ಹತ್ತಿತು. ನನ್ನಿಂದಲೇ.

ಅವನು ನನ್ನನ್ನು ಕರೆಯುತ್ತಿದ್ದುದು ತಮ್ಮಾ ಅಂತ, ನಾನು ಅಣ್ಣ ಅಂತ. ಅಷ್ಟರಲ್ಲೇ ಎಲ್ಲ ನಡೆದುಹೋಯಿತು. ಅವನ ಹೆಸರು ಏನು ಅಂತ ನಾನು ಕೇಳಲೇ ಇಲ್ಲ ಪುಟ್ಟಿ. ಎಸ್ಸೆಸ್ಸೆಲ್ಸಿ ಮುಗಿಸಿ ಟ್ರಂಕು ಹೊತ್ತುಕೊಂಡು ಹೋದ ದಿನ ನಾನು ಊರಲ್ಲಿದ್ದೆ, ರಜ.

ಇಷ್ಟೇ ಆಗಿದ್ದರೆ ಇದು ಚೆಂದದ ಕಥೆ. 2003ರಲ್ಲಿ ಒಂದು ದಿನ ಆಫೀಸಿನವರ ಜೊತೆ ಬೆಂಗಳೂರಿಂದ ತುಮಕೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕಂಡಕ್ಟರು 'ತಮ್ಮಾ, ಚಿಲ್ರೆ ಇದ್ರ ಕೊಡು' ಅಂದ. ತಲೆ ಎತ್ತಿದೆ. ಎಡಹುಬ್ಬಿನಲ್ಲಿ ಗೆರೆ. ಕೇಳಬೇಕು ಅನ್ನಿಸಿತು. ಆದರೆ ಪಕ್ಕದಲ್ಲಿ ಇಸ್ತ್ರಿ ಷರಟಿನ ಮೂರು ಜನ ಕೂತಿದ್ದರು, ಅವರ ಮುಂದೆ ಮಠ, ಕಜ್ಜಿ, ತುತ್ತು ಇದೆಲ್ಲ ತೆಗೆಯೋಕೆ ನಾಚಿಕೆ. ಚಿಲ್ಲರೆ ಕೊಟ್ಟು ಕಿಟಕಿ ಕಡೆ ತಿರುಗಿದೆ. ಕ್ಯಾತ್ಸಂದ್ರದಲ್ಲಿ ಬಸ್ಸು ನಿಂತಾಗಲೂ ಹಾಗೇ ಕೂತಿದ್ದೆ. ಅವನೇ ಅಂತ ಗ್ಯಾರಂಟಿ ಇಲ್ಲ, ಉತ್ತರ ಕರ್ನಾಟಕದವರು ಯಾರನ್ನಾದರೂ ತಮ್ಮಾ ಅಂತಾರೆ, ಹೀಗೆಲ್ಲ ಸಮಾಧಾನ ಮಾಡಿಕೊಂಡಿದ್ದೇನೆ. ಆಗಿಲ್ಲ.

2019ರ ಜನವರಿ 21ಕ್ಕೆ ಬುದ್ಧಿಯೋರು ಹೋದರು, 111 ವರ್ಷ. ಮಕ್ಕಳ ಮಧ್ಯಾಹ್ನದ ಊಟ ಆದಮೇಲೇ ಸುದ್ದಿ ಹೇಳಿ ಅಂತ ಮೊದಲೇ ಹೇಳಿದ್ದರಂತೆ, ಹಾಗೇ ಮಾಡಿದರು. ನಾನು ರಾತ್ರಿಯೇ ಹೊರಟೆ, ನಿನಗೆ ನೆನಪಿರಬೇಕು, ಆಗ ನಿನಗೆ ಆರನೇ ಕ್ಲಾಸು. ಲಕ್ಷಗಟ್ಟಲೆ ಜನ. ನಾನು ಸಾಲಿನಲ್ಲಿ ನಿಂತು ಐವತ್ತರ ಆಸುಪಾಸಿನ ಗಂಡಸರ ಹುಬ್ಬು ನೋಡುತ್ತಿದ್ದೆ. ಅವತ್ತು ನನ್ನ ಕಣ್ಣು ಕೆಂಪಗಾಗಿದ್ದು ಬರೀ ಬುದ್ಧಿಯೋರಿಗಲ್ಲ.

ಈಗ ನಿನ್ನ ಬರಹಕ್ಕೆ ಬರುತ್ತೇನೆ. ಹೋದ ಸಂಕ್ರಾಂತಿಗೆ ಬಂದಾಗ ಅಜ್ಜಿ ಮಠಕ್ಕೆ ಕಳಿಸುವ ರಾಗಿ ಅಳೆಯುತ್ತಿದ್ದಳಲ್ಲ, ಅದು ಯಾಕೆ ಬರೆದಿಲ್ಲ? ಮೊದಲ ಸೇರಿಗೆ ಒಂದು ಅನ್ನಲ್ಲ, 'ಲಾಭ' ಅಂತಾರೆ ಅಂತ ನಿನಗೆ ಹೇಳಿಕೊಟ್ಟವಳೇ ಅವಳು. ಈಗ ಲಾಭ ಅಂತ ಸುರಿದವಳು ಎರಡಕ್ಕೆ ಬರುವಷ್ಟರಲ್ಲಿ ಮರೆತುಬಿಡುತ್ತಿದ್ದಳು. ಮತ್ತೆ ಲಾಭ. ಮತ್ತೆ ಲಾಭ. ನಾನಾಗಿದ್ದರೆ 'ಅವ್ವ, ಆಯ್ತು ಬಿಡು' ಅಂತ ಸೇರು ಕಿತ್ತುಕೊಳ್ಳುತ್ತಿದ್ದೆ. ನೀನು ಚೀಲದ ಬಾಯಿ ಹಿಡಿದುಕೊಂಡು ಒಂದು ಗಂಟೆ ಕೂತಿದ್ದೆ, ತಿದ್ದಲಿಲ್ಲ, ನಗಲೂ ಇಲ್ಲ. ಪ್ರತಿ ವರ್ಷ 20 ಸೇರು ಹೋಗುವ ಕಡೆ ಚೀಲ ಭರ್ತಿ ಹೋಯಿತು. ಮಠದಲ್ಲಿ ಎಷ್ಟು ಸೇರು ಅಂತ ಕೇಳಿದರು. ಗೊತ್ತಿಲ್ಲ ಅಂದೆ, ತೂಕಕ್ಕೆ ಹಾಕಿದರು.

ಗುರುವಾರ ಕೊಡಬೇಕು ಅಂದಿದ್ದೆಯಲ್ಲ, ಇನ್ನೂ ಟೈಮಿದೆ. 500 ರೂಪಾಯಿ ಫೋನ್‌ಪೇ ಮಾಡಿದ್ದೇನೆ, ಹಣ್ಣು ತಗೋ, ಬರೀ ಬನ್ನು ತಿನ್ನಬೇಡ.

ಅಜ್ಜಿ ಇಲ್ಲೇ ಜಗಲಿ ಮೇಲೆ ಕೂತಿದ್ದಾಳೆ. 'ಯಾರಿಗೆ ಬರೀತಿರೋದೋ?' ಅಂದಳು. ನಿನ್ನ ಹೆಸರು ಹೇಳಿದೆ. ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು: 'ಚೀಲದ ಬಾಯಿ ಹಿಡ್ಕೊಂಡಿದ್ದಳಲ್ಲ, ಆ ಮಗೀಗಾ?'

ನಿನ್ನ ಅಪ್ಪ