ಬರೀ 12 ವೋಲ್ಟ್ ಎಂದು ಬರೆದ ಮಗಳಿಗೆ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮನೆಯ ಸಮಾಚಾರವನ್ನೆಲ್ಲ ನಿನ್ನ ಅಪ್ಪ ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ, ಅದನ್ನು ಬಿಟ್ಟು ಬರೆಯುತ್ತೇನೆ. ಟ್ರಾನ್ಸ್‌ಫಾರ್ಮರ್ ಪ್ರಯೋಗದ ವಿವರ ಕೊಟ್ಟು, ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ: ‘ಎಲ್ಲ ಮುಗಿದ ಮೇಲೆ ಹಳೆಯ ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಜೋಡಿಸಿ ನೋಡುತ್ತೇವೆ, ಹೇಗೂ ಕೊಡುವುದು ಬರೀ 12 ವೋಲ್ಟ್.’ ಆ ಸಾಲನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಅದು 230 ವೋಲ್ಟನ್ನು 12ಕ್ಕೆ ಇಳಿಸುವಂಥದ್ದು ಎಂದು ನೀನೇ ಬರೆದಿದ್ದೀಯ. ಅಂದರೆ ಒಂದು ಸುರುಳಿಯ ಸುತ್ತುಗಳು ಇನ್ನೊಂದರ ಸುಮಾರು ಹತ್ತೊಂಬತ್ತು ಪಟ್ಟು. ಯಾವ ಕಡೆಯಿಂದ ವಿದ್ಯುತ್ ಬಂತು ಎಂಬುದು ಎರಡೂ ಸುರುಳಿಗಳ ನಡುವಿನ ಕಬ್ಬಿಣದ ತಿರುಳಿಗೆ ಲೆಕ್ಕಕ್ಕಿಲ್ಲ. ಕಡಿಮೆ ಸುತ್ತಿನ ಕಡೆ 12 ವೋಲ್ಟ್ ಎ.ಸಿ., ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್, ಕೊಟ್ಟರೆ ತಿರುಳಿನಲ್ಲಿ ಕಾಂತಕ್ಷೇತ್ರ ಏರುತ್ತ ಇಳಿಯುತ್ತ ಇರುತ್ತದೆ. ಅದು ಹೆಚ್ಚು ಸುತ್ತಿನ ಕಡೆಯ ಒಂದೊಂದು ಸುತ್ತಿನಲ್ಲೂ ಚೂರುಚೂರು ವೋಲ್ಟೇಜ್ ಹುಟ್ಟಿಸುತ್ತದೆ. ಎಲ್ಲ ಕೂಡಿದರೆ ತುದಿಗಳ ನಡುವೆ 200 ವೋಲ್ಟ್ ದಾಟುತ್ತದೆ. ವೋಲ್ಟೇಜ್ ಏರಿದಷ್ಟೂ ಕರೆಂಟ್ ಇಳಿಯಲೇಬೇಕು ಎಂಬ ನಿನ್ನ ಮಾತು ಸರಿ. ಆದರೂ 2 ಆಂಪಿಯರ್ ಕೊಡಬಲ್ಲ ಸಪ್ಲೈ ಇದ್ದರೆ ಆ ತುದಿಯಲ್ಲಿ ಸುಮಾರು 100 ಮಿಲಿಆಂಪಿಯರ್ ಸಿಗುತ್ತದೆ. ಎದೆಯ ಮೂಲಕ ಹಾದರೆ ಅದರ ಅರ್ಧವೇ ಪ್ರಾಣ ತೆಗೆಯಬಹುದು. ಮಗಳೇ, ನೀನು ಕೊಡುವುದು 12. ನಿನ್ನ ಕೈ ತಾಗುವುದು ಯಾವುದಕ್ಕೆ?

ಈ ಭಯ ನನಗೆ ಪುಸ್ತಕ ಓದಿ ಬಂದದ್ದಲ್ಲ. ನಾನು ಲೈನಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸ್ಟೇಷನ್ನಿನಲ್ಲಿ ಸರಬರಾಜು ನಿಲ್ಲಿಸಿದ ಮೇಲೆ ನನ್ನ ಜೊತೆಗಾರ ಕಂಬ ಹತ್ತಿದ. ಲೈನಿನಲ್ಲಿ ಕರೆಂಟ್ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಕರೆಂಟ್ ಹೋಯಿತೆಂದು ಯಾರೋ ಮನೆಯ ಜನರೇಟರನ್ನು ನೇರವಾಗಿ ವೈರಿಂಗಿಗೆ ಸಿಕ್ಕಿಸಿದ್ದರು. ಆ 230 ವೋಲ್ಟ್ ಬೀದಿಯ ಟ್ರಾನ್ಸ್‌ಫಾರ್ಮರನ್ನು ಹಿಂದಿನಿಂದ ಹೊಕ್ಕು, ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟ್ ಆಗಿ ನಿಂತಿತ್ತು. ಅವನು ಬದುಕಿಕೊಂಡ. ಬಲಗೈಯ ಬೆರಳುಗಳು ಮಾತ್ರ ಅಂಗೈಯ ಕಡೆ ಮಡಚಿಕೊಂಡವು, ಮತ್ತೆ ಬಿಡಿಸಿಕೊಳ್ಳಲಿಲ್ಲ. ಅಂಗಿಯ ಗುಂಡಿಯನ್ನು ಎಡಗೈಯೊಂದರಲ್ಲೇ ತೂತಿಗೆ ಹೊಂದಿಸಲು ಅವನು ಪಡುತ್ತಿದ್ದ ಪಾಡನ್ನು ನೋಡುತ್ತ ನಾನು ಎಷ್ಟೋ ಬೆಳಗು ಅವನೊಡನೆ ಕೆಲಸಕ್ಕೆ ಹೊರಟಿದ್ದೇನೆ. ಆ ದಿನದ ಬಗ್ಗೆ ನಾವಿಬ್ಬರೂ ಮಾತಾಡಲೇ ಇಲ್ಲ. ಈಗ ಅವನಿಲ್ಲ. ಕೇಳಬೇಕಾಗಿತ್ತು ಎಂದು ಅನ್ನಿಸುತ್ತದೆ, ಈ ವಯಸ್ಸಿನಲ್ಲಿ ಹೆಚ್ಚು ಅನ್ನಿಸುತ್ತದೆ. ‘ಮುಟ್ಟುವ ಮುಂಚೆ ಅರ್ತ್ ಮಾಡಿ’, ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸಿ, ಎಂದು ನಮಗೆ ಬಾಯಿಪಾಠ ಮಾಡಿಸಿದ್ದರು. ಏಕೆ ಎಂದು ಯಾರೂ ಒಂದು ಸುರುಳಿ ಹಿಡಿದು ತೋರಿಸಿರಲಿಲ್ಲ. ನಿನಗೆ ಆ ಸುರುಳಿ ಕೈಗೆ ಸಿಕ್ಕಿದೆ. ಅದಕ್ಕೇ ಸಂತೋಷವೂ ಆಗುತ್ತದೆ, ದಿಗಿಲೂ ಆಗುತ್ತದೆ.

ಎ.ಸಿ. ಬೇಡವೆಂದರೆ ಬ್ಯಾಟರಿ ಹಾಕುತ್ತೇವೆ, ಒಂದೇ ದಿಕ್ಕಿಗೆ ಹರಿಯುವ ಡಿ.ಸಿ.ಗೆ ಟ್ರಾನ್ಸ್‌ಫಾರ್ಮರ್ ಕೆಲಸವೇ ಮಾಡುವುದಿಲ್ಲವಲ್ಲ ಎಂದೂ ಬರೆದಿದ್ದೀಯ. ಅಲ್ಲಿಯೂ ಅದೇ ಭಯ ನನಗೆ. 1831ರಲ್ಲಿ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ನೋಡಿದಾಗ, ಒಂದಕ್ಕೆ ಬ್ಯಾಟರಿ ಜೋಡಿಸಿದ ಗಳಿಗೆಯಲ್ಲಿ ಇನ್ನೊಂದರ ಕಡೆಯ ಕಾಂತದ ಮುಳ್ಳು ಒಂದು ಕಡೆ ಅಲುಗಿತು, ಬಿಡಿಸಿದ ಗಳಿಗೆಯಲ್ಲಿ ಇನ್ನೊಂದು ಕಡೆ, ನಡುವೆ ಸುಮ್ಮನಿತ್ತು. ನೀನು ಓದಿರುವುದು ಆ ನಡುವಿನ ಹೊತ್ತಿನ ಮಾತು. ಬಿಡಿಸುವ ಗಳಿಗೆಯಲ್ಲಿ ಕಾಂತಕ್ಷೇತ್ರ ಒಮ್ಮೆಲೇ ಕುಸಿಯುತ್ತದೆ, ಎಷ್ಟು ಬೇಗ ಕುಸಿದರೆ ವೋಲ್ಟೇಜ್ ಅಷ್ಟು ಎತ್ತರಕ್ಕೆ ಚಿಮ್ಮುತ್ತದೆ. ಐರ್ಲೆಂಡಿನ ಕ್ಯಾಲನ್ ಎಂಬ ಪಾದ್ರಿ 1836ರಲ್ಲಿ ಇದನ್ನೇ ಹಿಡಿದು ಬ್ಯಾಟರಿಯಿಂದ ಭಾರಿ ವೋಲ್ಟೇಜ್ ಹೊರಡಿಸುವ ಸುರುಳಿ ಕಟ್ಟಿದ. ಬ್ಯಾಟರಿಯ ತಂತಿಯನ್ನು ಎಳೆಯುವಾಗ ಇನ್ನೊಂದು ಕೈ ಸುರುಳಿಯ ಬರಿ ತುದಿಯ ಮೇಲೆ ಇರಬಾರದು.

ಪ್ರಯೋಗಾಲಯದ ಶಿಸ್ತು ನಿನಗೇ ನನಗಿಂತ ಚೆನ್ನಾಗಿ ಗೊತ್ತಿರಬಹುದು, ಆದರೂ ಬರೆಯದೆ ಇರಲಾರೆ. ತಿರುಗಿಸಿ ನೋಡುವ ಆಸೆಯನ್ನು ಬಿಡು ಎನ್ನುವುದಿಲ್ಲ. ಆ ಹಳೆಯದನ್ನು ಬಿಟ್ಟು, ಕೊಟ್ಟಿರುವ 300 ಮತ್ತು 600 ಸುತ್ತಿನ ಸುರುಳಿಗಳನ್ನೇ ಅದಲುಬದಲು ಮಾಡು. 300ರ ಕಡೆ 2 ವೋಲ್ಟ್ ಕೊಟ್ಟರೆ ಆ ಕಡೆ 4ಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ತಿಳಿಯಬೇಕಾದದ್ದೆಲ್ಲ ಅದರಲ್ಲಿ ತಿಳಿಯುತ್ತದೆ. ಆ ಕಡಿಮೆಯನ್ನು ತಿದ್ದಿ 4 ಎಂದು ಬರೆಯಬೇಡ. ಕಾಂತಕ್ಷೇತ್ರವೆಲ್ಲ ಎರಡನೆಯ ಸುರುಳಿಯನ್ನು ಹಾಯುವುದಿಲ್ಲ, ಒಂದಷ್ಟು ಹೊರಗೆ ಸೋರುತ್ತದೆ. ತಾಮ್ರಕ್ಕೂ ತನ್ನ ರೋಧವಿದೆ. ತಿರುಳಿನ ಮೇಲಿನ ಅಡ್ಡಪಟ್ಟಿಯನ್ನು ಸಪ್ಲೈ ಇರುವಾಗ ತೆಗೆದು ಹಾಗೆಯೇ ಬಿಡಬೇಡ, ಸುರುಳಿ ಎಳೆಯುವ ಕರೆಂಟ್ ಏರಿ ಬಿಸಿಯಾಗುತ್ತದೆ. ಗುಂಯ್ ಎನ್ನುವ ಸದ್ದು ಬಂದರೆ ಹೆದರಬೇಡ, ಪಟ್ಟಿಗಳು ಬಿಗಿಯಾಗಿವೆಯೇ ನೋಡು; ಅದೂ ಸ್ವಿಚ್ ಆರಿಸಿದ ಮೇಲೆ. ಮೀಟರನ್ನು ಮೊದಲು ದೊಡ್ಡ ರೇಂಜಿಗೆ ಇಟ್ಟುಕೋ. ತಂತಿ ಬದಲಿಸುವಾಗಲೆಲ್ಲ ಸ್ವಿಚ್ ಆರಿಸು. ಇಷ್ಟೆಲ್ಲ ಹೇಳಿ ನಿನಗೆ ಬೇಸರ ಮಾಡುತ್ತಿದ್ದೇನೆಯೋ ಏನೋ.

ಒಂದು ವಿಷಯವನ್ನು ನೀನು ಬರೆದೇ ಇಲ್ಲ. ತಿರುಗಿಸಿ ಜೋಡಿಸುವ ಯೋಚನೆ ನಿಮ್ಮ ಅಧ್ಯಾಪಕರಿಗೆ ಗೊತ್ತೇ, ಇಲ್ಲ ಅವರು ಹೊರಟ ಮೇಲೆ ನೀವು ನೀವೇ ಮಾಡುವುದೇ? ಎರಡನೆಯದಾದರೆ ದಯವಿಟ್ಟು ಬೇಡ. ಸಪ್ಲೈಯ ಮೇಲೆ ಎಷ್ಟು ಆಂಪಿಯರ್ ಎಂದು ಬರೆದಿದೆ, ಹಳೆಯ ಟ್ರಾನ್ಸ್‌ಫಾರ್ಮರ್ ಈಗ ಯಾರ ಬಳಿ ಇದೆ, ಇವೆರಡನ್ನೂ ಇಂದೇ ಅಪ್ಪನ ಫೋನಿನಿಂದ ನನಗೆ ತಿಳಿಸು.

ನಿನ್ನ ದೊಡ್ಡಪ್ಪ