ಕೊಂಕಣದ ಬಿಸಿನೀರಿನ ಕುಂಡದ ವಿಷಯ: ಪಾಲಕರಿಗೆ ಪತ್ರ

ಪಾಲಕರಿಗೆಲ್ಲ ನಮಸ್ಕಾರ್ರಿ.

ಏಳನೇತ್ತೆ ಮಕ್ಕಳು ಕೊಂಕಣ ಟ್ರಿಪ್ ಮುಗಿಸಿ ಬಂದ ಮ್ಯಾಲೆ ಎರಡು ನಮೂನಿ ತಕರಾರು ಬಂದಾವ. ಕೆಲವರು, ಜತ್ತದಿಂದ ಅಷ್ಟು ದೂರ ಎಸ್‌ಟಿ ಬಸ್‌ನ್ಯಾಗ ಹೋಗಿ, ರೊಕ್ಕ ಕೊಟ್ಟು, ತುರಳ ಊರಿನ ಬಿಸಿನೀರಿನ ಕುಂಡದಾಗ ಮಕ್ಕಳಿಗೆ ಒಂದು ಜಳಕ ಸೈತ ಮಾಡಾಕ ಬಿಡಲಿಲ್ಲ ಅಂತ ಆಫೀಸಿಗೆ ಬಂದು ಸಿಟ್ಟಾಗಿ ಹೋದ್ರಿ. ಇನ್ನ ಕೆಲವರು, ಆ ಹುಡುಗಿ ಬೆರಳು ಹೆಂಗ ಸುಟ್ಟವು, ಮಾಸ್ತರು ಎತ್ತ ನೋಡಾಕತ್ತಿದ್ರು ಅಂತ ಗ್ರೂಪ್‌ನ್ಯಾಗ ಹಾಕೀರಿ. ಎರಡನ್ನೂ ಪೂರ್ತಿ ಓದೀನಿ, ಕೇಳೀನಿ. ಜನವರಿಯೊಳಗ ಎಂಟನೇತ್ತೆ ಮಕ್ಕಳೂ ಅದ ದಾರಿಗೆ ಹೊಂಟಾರ, ಅದಕ್ಕ ಸ್ವಲ್ಪ ಬಿಡಿಸಿ ಬರೀತೀನಿ.

ಆ ದಿನ ಆಗಿದ್ದು ಇಷ್ಟ. ಕುಂಡದ ಕಟ್ಟಿ ಹಸಿ ಇತ್ತು, ಪಾಚಿ ಹಿಡಿದಿತ್ತು. ನೀರು ನಮ್ಮೂರ ಬಾವಿ ನೀರಿನಂಗ ತಿಳಿ, ಗುಳ್ಳಿ ಏಳೂದಿಲ್ಲ, ಕುದಿಯೋ ಸಪ್ಪಳ ಇಲ್ಲ, ಬರೇ ಮ್ಯಾಲೆ ಸಣ್ಣಗ ಹಬೆ. ಹುಡುಗಿ ತಲಿಯ ಕ್ಲಿಪ್ ಜಾರಿ ಮೊದಲನೇ ಮೆಟ್ಟಿಲ ಮ್ಯಾಲೆ ಬಿತ್ತು, ಗೇಣು ನೀರಿನ ಒಳಗ ಚೊಲೊ ಕಾಣಾಕತ್ತಿತ್ತು, ಕೈ ಹಾಕಿಬಿಟ್ಟಳು. ಅಕ್ಕೋರು ಎರಡು ಹೆಜ್ಜಿ ದೂರದಾಗ ಇದ್ರು, ಎಳಕೊಂಡ್ರು, ಅಷ್ಟರಾಗ ಎರಡು ಬೆರಳು ಕೆಂಪಗ ಆಗಿದ್ವು. ಯಾರೋ ಟೂತ್‌ಪೇಸ್ಟ್ ತಂದ್ರು, ಯಾರೋ ಅರಿಷಿಣ ಹಚ್ಚರಿ ಅಂದ್ರು, ಅಕ್ಕೋರು ಒಂದೂ ಹಚ್ಚಗೊಡಲಿಲ್ಲ, ಕೈಯಾಗಿನ ಬಳಿ ತೆಗೆದು 20 ನಿಮಿಷ ನಳದ ನೀರಿನ ಕೆಳಗ ಹಿಡಿದು ಕುಂತ್ರು, ಆಮ್ಯಾಲೆ ದವಾಖಾನಿಗೆ ಕರಕೊಂಡು ಹೋದ್ರು. ಅದ ಸರಿಯಾದ ಔಷಧ, ಮನ್ಯಾಗೂ ಹಂಗ ಮಾಡ್ರಿ, ಐಸ್ ಸೈತ ಇಡಬ್ಯಾಡ್ರಿ, ಗುಳ್ಳಿ ಎದ್ರ ಒಡಿಬ್ಯಾಡ್ರಿ. ಹುಡುಗಿ ಈಗ ಆರಾಮ ಅದಾಳ, ಬರಿಯಾಕತ್ತಾಳ.

ನಮ್ಮ ತಪ್ಪು ನಾವು ಒಪ್ಪಬೇಕು. ಮಕ್ಕಳನ್ನ ಕಟ್ಟಿ ತನಕ ಬಿಡಬಾರದಿತ್ತು. ಬಸ್ಸಿನ್ಯಾಗ ಕುಂತಾಗನ ತಿಳಿಸಿ ಹೇಳಬೇಕಿತ್ತು, ಇಳಿದ ಮ್ಯಾಲೆ ಗದ್ದಲದಾಗ ಹೇಳಿದ್ವಿ. ಇನ್ನ ಹಂಗ ಆಗೂದಿಲ್ಲ.

ಆದ್ರ ಜಳಕದ ಮಾತಿಗೆ ನಾನು ಸೋಲೂದಿಲ್ರಿ. ಅಲ್ಲೆ ಊರ ಜನ ಮಾಡ್ತಾರಲ್ಲ, ನಮ್ಮ ಮಕ್ಕಳಿಗೆ ಯಾಕ ಬ್ಯಾಡ ಅಂತೀರಿ. ಮಾಡ್ತಾರ, ಖರೆ. ಅವರು ಹುಟ್ಟಿದಾಗಿಂದ ಆ ನೀರು ನೋಡ್ಯಾರ, ಎಷ್ಟು ತೋಡಬೇಕು, ಎಷ್ಟು ಆರಿಸಬೇಕು, ಯಾವ ಜಾಗದಾಗ ಕಾಲು ಇಡಬಾರದು ಅನ್ನೂದು ಅವರಿಗೆ ಗೊತ್ತು. ನಮ್ಮ ಬಸ್ಸಿನ್ಯಾಗ 46 ಮಕ್ಕಳು, ನಾಕು ಮಂದಿ ಮಾಸ್ತರು. ಮತ್ತ ನಿಮ್ಮೊಳಗ ಒಂದಿಬ್ಬರು ರಾಜಾಪುರದಾಗ ಜಳಕ ಮಾಡಿ ಬಂದೀವಿ, ಏನೂ ಆಗಲಿಲ್ಲ ಅಂದ್ರಿ. ರಾಜಾಪುರದ ನೀರು 40 ಡಿಗ್ರಿ ಆಸುಪಾಸು, ಮೈ ಬಿಸಿಗಿಂತ ಒಂದೀಟು ಹೆಚ್ಚು. ತುರಳದ್ದು 60ರ ಆಸುಪಾಸು. ಎರಡೂ ರತ್ನಾಗಿರಿ ಜಿಲ್ಲಾದಾಗ ಅದಾವ, ಎರಡಕ್ಕೂ ಬಿಸಿನೀರಿನ ಕುಂಡ ಅಂತನ ಕರೀತಾರ, ಆದ್ರ ಒಂದರಾಗ ಆರಾಮಾಗಿ ಕೂಡಬಹುದು, ಇನ್ನೊಂದು 5 ಸೆಕೆಂಡಿನ್ಯಾಗ ದೊಡ್ಡವರ ಚರ್ಮ ಆಳಕ್ಕ ಸುಡತೈತಿ. ಮಕ್ಕಳ ಚರ್ಮ ತೆಳು, ಅಷ್ಟೂ ಹೊತ್ತು ಬೇಕಾಗೂದಿಲ್ಲ. ಮಳಿ ನೀರು ಕಲ್ಲಿನ ಬಿರುಕಿನ್ಯಾಗಿಂದ ಭಾಳ ಆಳಕ್ಕ ಇಳಿದು, ಅಲ್ಲೆ ಕಾದು, ಮತ್ತೊಂದು ಬಿರುಕಿನ್ಯಾಗಿಂದ ಮ್ಯಾಲೆ ಬರತೈತಿ. ಯಾವ ಕುಂಡದ ನೀರು ಎಷ್ಟು ಆಳಕ್ಕ ಹೋಗಿ ಬಂದೈತಿ ಅನ್ನೂದು ಮ್ಯಾಲೆ ನಿಂತು ನೋಡಿದ್ರ ಯಾರಿಗೂ ಕಾಣೂದಿಲ್ಲ. ತಾಯಂದಿರಿಗೆ ನಾ ಏನು ಹೇಳ್ಲಿ, ರೊಟ್ಟಿ ಹಿಟ್ಟಿಗೆ ಎಸರು ಹಾಕಿದ ಕೂಡ್ಲೆ ನೀವು ಕೈ ಹಾಕ್ತೀರೇನ್ರಿ? ಸೌಟಿಲೆ ಕಲಸಿ, ಹಬೆ ಹೋಗೂ ತನಕ ಕಾಯ್ತೀರಿ. ಹಿಮಾಚಲದ ಮಣಿಕರಣದಾಗ ಗುರುದ್ವಾರದವರು ಇದಕ್ಕಿಂತ ಭಾಳ ಬಿಸಿ ಇರೂ ಬುಗ್ಗಿ ನೀರಾಗ ಅನ್ನ, ಬ್ಯಾಳಿ ಬೇಯಿಸ್ತಾರ.

ಒಂದು ಮಾತು ನನಗ ಭಾಳ ಕಾಡತೈತಿ. ಪ್ರತಿ ವರ್ಷ ನಮ್ಮ ಸಾಂಗ್ಲಿ ಜಿಲ್ಲಾದ್ದ ಚಾಂದೋಲಿ ರಾಷ್ಟ್ರೀಯ ಉದ್ಯಾನಕ್ಕ ಮಕ್ಕಳನ್ನ ಕರಕೊಂಡು ಹೋಗ್ತೀವಿ. ಅದು ಸಹ್ಯಾದ್ರಿ ಹುಲಿ ಯೋಜನಾದೊಳಗ ಬರತೈತಿ ಅಂದ ಕೂಡ್ಲೆ ನೀವ ಫೋನ್ ಹಚ್ಚಿ, ಸರ್, ಗಾಡಿ ಬಿಟ್ಟು ಇಳಿಸಬ್ಯಾಡ್ರಿ ಅಂತೀರಿ. ಗಾರ್ಡ್ ಹೇಳಿದ್ದಕ್ಕ ಒಬ್ಬರೂ ಎದುರು ಆಡೂದಿಲ್ಲ. ಹುಲಿಗೆ ಹೆದರ್ತೀವಿ, ನೀರಿಗೆ ಹೆದರೂದಿಲ್ಲ. ಅಮೆರಿಕಾದ ಯೆಲ್ಲೊಸ್ಟೋನ್, 1872ರೊಳಗ ಆದ ರಾಷ್ಟ್ರೀಯ ಉದ್ಯಾನ, ಅಲ್ಲೆ ಕರಡಿ, ತೋಳ, ಕಾಡೆಮ್ಮಿ ಎಲ್ಲಾ ಅದಾವ, ಆದ್ರೂ ಕರಡಿಗಿಂತ ಹೆಚ್ಚು ಮಂದಿ ಸತ್ತಿದ್ದು ಬಿಸಿನೀರಿನ ಬುಗ್ಗಿಯೊಳಗ. ಅಲ್ಲೆ ಬುಗ್ಗಿ ಸುತ್ತ ನೆಲ ಹಪ್ಪಳದಂಗ ತೆಳು, ಕಾಲಿಟ್ರ ಕುಸಿದು ಒಳಗ, ಅದಕ್ಕ ಕಟ್ಟಿಗಿ ಹಲಗಿ ಹಾದಿ ಮಾಡ್ಯಾರ, ಅದರ ಮ್ಯಾಲೆನ ನಡೀಬೇಕು. 2016ರೊಳಗ ಒಬ್ಬಾತ ಆ ಹಾದಿ ಬಿಟ್ಟು ಹೋಗಿ ಜಾರಿಬಿದ್ದ, ಮರುದಿನ ಮೈ ಸೈತ ಸಿಗಲಿಲ್ಲ. ನಿಮ್ಮನ್ನ ಹೆದರಿಸಬೇಕಂತ ಬರದಿಲ್ರಿ. ಕಟ್ಟಿ ದಾಟಬ್ಯಾಡ ಅಂದ್ರ ದಾಟಬಾರದು, ಅದು ಮಾಸ್ತರ ಹಟ ಅಲ್ಲ ಅಂತ ತಿಳೀಲಿ ಅಂತ ಬರದೀನಿ.

ಅದು ತೀರ್ಥ, ಮುಟ್ಟದ ಬಂದ್ರ ಹೋಗಿದ್ದಕ್ಕ ಅರ್ಥ ಏನು ಅಂತ ಅಜ್ಜಿಯೊಬ್ಬರು ಕಣ್ಣೀರು ಹಾಕಿದ್ರು. ಅವರ ಮಾತು ನಾನು ಹಗುರ ತಿಳಿಯೂದಿಲ್ಲ. ಈ ಸಲ ಮಾಸ್ತರೊಬ್ಬರು ಬಕೀಟಿನ್ಯಾಗ ನೀರು ತೋಡಿ, ಪೂರ್ತಿ ಆರಿಸಿ, ತಾವು ಮೊದಲ ಕೈ ಹಾಕಿ ನೋಡಿ, ಬೇಕಂದ ಮಕ್ಕಳ ತಲಿಗೆ ಪ್ರೋಕ್ಷಣ ಮಾಡ್ತಾರ. ಕುಡಿಯಾಕ ಕೊಡೂದಿಲ್ಲ. ಕುಂಡದಿಂದ ಹತ್ತು ಹೆಜ್ಜಿ ದೂರ ಹಗ್ಗ ಹಿಡಿದು ಸಾಲಾಗಿ ನಿಂದರಸ್ತೀವಿ, ವಿಜ್ಞಾನದ ಮಾಸ್ತರು ಥರ್ಮಾಮೀಟರ್ ದಾರಕ್ಕ ಕಟ್ಟಿ ಇಳಿಸಿ ತೋರಸ್ತಾರ, ಮಕ್ಕಳು ಬರಕೋತಾರ. ಜಳಕ ಮಾತ್ರ ಇಲ್ಲ. ಯಾರ ಮಗಾ ಆಗಿರಲಿ, ಯಾರು ಫೋನ್ ಮಾಡಿಸಲಿ, ಇಲ್ಲ. ಸಮುದ್ರ ದಂಡಿ ಊರು ಗಣಪತಿಪುಳೆಯೊಳಗ ಲಾಡ್ಜಿನ್ಯಾಗ ಉಗುರು ಬೆಚ್ಚನ ನೀರು ಕೊಡ್ತಾರ, ಮನಸಾರೆ ಜಳಕ ಮಾಡ್ಲಿ. ಸಮುದ್ರದ್ದು ಬ್ಯಾರೆ ಪತ್ರ ಬರತೈತಿ.

ಕುಂಡದ ಜಳಕಕ್ಕಂತ ಟವೆಲ್, ಅರಿವಿ ಕಟ್ಟಿ ಕಳಸಬ್ಯಾಡ್ರಿ, ಕಾಲಿಗೆ ಚಪ್ಪಲ್ ಬ್ಯಾಡ, ಬೂಟು ಹಾಕಿಸ್ರಿ, ಇದರ ಜೊತಿ ಇರೂ ಒಪ್ಪಿಗಿ ಚೀಟಿಗೆ ಸಹಿ ಮಾಡಿ ಶನಿವಾರದೊಳಗ ಕ್ಲಾಸ್ ಟೀಚರ್ ಕೈಗೆ ಕೊಡ್ರಿ.

ಇನ್ನೂ ಸಿಟ್ಟಿದ್ದವರು ಗ್ರೂಪ್‌ನ್ಯಾಗ ಬರಿಯೂಕಿಂತ ನನ್ನ ಹತ್ರ ಬರ್ರಿ, ಸಂಜಿ ಐದರ ತನಕ ಸಾಲ್ಯಾಗ ಇರ್ತೀನಿ, ಚಹಾ ಕುಡಿದು ಮಾತಾಡೂಣು.

ನಿಮ್ಮ
ಮುಖ್ಯ ಗುರುಗಳು